‘ಸರ್ವರ್ ಇದ್ದರೂ ಕೆಲಸವಿಲ್ಲ’ ಎನ್ನುವ ದಿನ ಬರುವ ಮುನ್ನ

ಜೂನ್ ಬಂತೆಂದರೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ನಾಡಕಚೇರಿಗಳಲ್ಲಿ ಜಾತಿ, ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಹೆಚ್ಚುತ್ತದೆ. ಬೆನ್ನಿಗೇ ಬೆಳೆವಿಮೆಯ ಗಡುವು, ಪಹಣಿಯ ಓಡಾಟ. ‘ಸರ್ವರ್ ಇಲ್ಲ, ನಾಳೆ ಬನ್ನಿ’ ಎಂಬುದು ಇಲ್ಲಿ ಹೊಸ ಮಾತೇನಲ್ಲ. ಆದರೆ ಸರ್ವರ್ ಕೂಡ ಇದ್ದು, ನೆಟ್‌ವರ್ಕೂ ಇದ್ದು, ಕೆಲಸ ಮಾತ್ರ ಆಗದ ದಿನಗಳಿಗೂ ಸಿದ್ಧರಾಗಬೇಕಿದೆ.

ಕಾರಣ, ಎರಡು ಗಣಕಗಳ ನಡುವೆ ಸುರಕ್ಷಿತ ಸಂಪರ್ಕ ಕಲ್ಪಿಸುವ ತಂತ್ರಾಂಶ ಲೈಬ್ರರಿಗಳು ಬಿಗಿಯಾಗುತ್ತಿವೆ. 2021ರ ಸೆಪ್ಟೆಂಬರ್‌ನಲ್ಲಿ ಬಂದ, ಅಂಥದೊಂದು ಲೈಬ್ರರಿಯಾದ ಓಪನ್‌ಎಸ್‌ಎಸ್‌ಎಲ್ 3.0, ಟಿಎಲ್‌ಎಸ್ 1.0 ಮತ್ತು 1.1 ಎಂಬ ಹಳೆಯ ಸುರಕ್ಷತಾ ಶಿಷ್ಟಾಚಾರಗಳಲ್ಲಿ ಮಾತ್ರ ಮಾತಾಡುವ ಸರ್ವರ್‌ಗಳನ್ನು ತಾನಾಗಿ ಒಪ್ಪುವುದಿಲ್ಲ. 2010ರಲ್ಲೇ ಸೂಚಿಸಿದ್ದ ಸುರಕ್ಷತಾ ತಿದ್ದುಪಡಿಯನ್ನು ಅಳವಡಿಸಿಕೊಳ್ಳದ ಸರ್ವರ್‌ಗೂ ಅದು ಬಾಗಿಲು ತೆರೆಯದು. ಹಳೆಯ ಆವೃತ್ತಿಯಲ್ಲೇ ಇರೋಣವೆಂದರೆ, 1.1.1ರ ಸಾರ್ವಜನಿಕ ಬೆಂಬಲ 2023ರ ಸೆಪ್ಟೆಂಬರ್ 11ಕ್ಕೇ ಮುಗಿದಿದೆ. 3.0ಕ್ಕೂ 2026ರ ಸೆಪ್ಟೆಂಬರ್ 7ರ ಗಡುವಿದೆ.

ಹಳತಾಗಿ ಉಳಿದವರಿಗೂ ಪೆಟ್ಟು ತಪ್ಪುವುದಿಲ್ಲ. 2021ರ ಸೆಪ್ಟೆಂಬರ್ 30ರಂದು ಜಾಲತಾಣಗಳ ಗುರುತನ್ನು ಖಾತರಿಪಡಿಸುವ ಒಂದು ಮೂಲ ಡಿಜಿಟಲ್ ಪ್ರಮಾಣಪತ್ರದ ಅವಧಿ ಮುಗಿದಾಗ, ಓಪನ್‌ಎಸ್‌ಎಸ್‌ಎಲ್ 1.0.2 ಬಳಸುತ್ತಿದ್ದ ಎಷ್ಟೋ ಯಂತ್ರಗಳು ಸರಿಯಾಗಿಯೇ ಇದ್ದ ಜಾಲತಾಣಗಳನ್ನೂ ನಂಬಲಿಲ್ಲ. ಜಾಲತಾಣ ಪ್ರಮಾಣಪತ್ರಗಳ ಗರಿಷ್ಠ ಅವಧಿ 2029ರ ಮಾರ್ಚ್ 15ರಿಂದ 47 ದಿನಕ್ಕೆ ಇಳಿಯಲಿದೆ. ಕೈಯಾರೆ ನವೀಕರಿಸುವ ಪದ್ಧತಿ ಆಗ ನಡೆಯದು.

ನಮ್ಮಲ್ಲಿ ಪಹಣಿಯನ್ನು ಗಣಕೀಕರಿಸುವ ‘ಭೂಮಿ’ ಯೋಜನೆ ಶುರುವಾದದ್ದು 2000ದಲ್ಲಿ. ಪಹಣಿ, ನೋಂದಣಿ, ಆಧಾರ್, ಬ್ಯಾಂಕ್ ಹೀಗೆ ಬೇರೆ ಬೇರೆ ಕಾಲದಲ್ಲಿ ಕಟ್ಟಿದ ವ್ಯವಸ್ಥೆಗಳು ಇಂದು ಒಂದನ್ನೊಂದು ವಿಚಾರಿಸಿಕೊಂಡೇ ಕೆಲಸ ಮಾಡುತ್ತವೆ. ಒಂದು ಕಡೆ ಲೈಬ್ರರಿ ಬದಲಾಗಿ ಇನ್ನೊಂದು ಕಡೆ ಹಳೆಯದೇ ಉಳಿದರೆ, ತೊಂದರೆ ಮೊದಲು ಕಾಣುವುದು ತಾಲ್ಲೂಕಿನ ಕೌಂಟರ್‌ನಲ್ಲಿ.

ಆಗ ಸುಲಭಕ್ಕೆ ಸಿಗುವ ದಾರಿಯೆಂದರೆ ಸರ್ವರ್ ತೋರಿಸುವ ಡಿಜಿಟಲ್ ಪ್ರಮಾಣಪತ್ರದ ಪರಿಶೀಲನೆಯನ್ನೇ ಆಫ್ ಮಾಡುವುದು. ಕೆಲಸವೇನೋ ಸಾಗುತ್ತದೆ, ಆದರೆ ರೈತರ ಆಧಾರ್, ಖಾತೆ ಸಂಖ್ಯೆಗಳು ಯಾರ ಕೈಗೆ ಹೋಗುತ್ತಿವೆ ಎಂದು ನೋಡುವವರೇ ಇರುವುದಿಲ್ಲ.

ಇ-ಆಡಳಿತ ಇಲಾಖೆ ಮೊದಲು ಯಾವ ಸೇವೆ ಯಾವ ಆವೃತ್ತಿಯಲ್ಲಿದೆ ಎಂದು ಪಟ್ಟಿ ಮಾಡಲಿ. ಬದಲಾವಣೆಯನ್ನು ಬೆಂಗಳೂರಿನ ಹೊಸ ಯಂತ್ರದಲ್ಲಷ್ಟೇ ಅಲ್ಲ, ಜಗಳೂರಿನ ಕಚೇರಿಯ ಹಳೆಯ ಕಂಪ್ಯೂಟರ್‌ನಲ್ಲೂ ಪರೀಕ್ಷಿಸಲಿ. ಹಳೆಯ ಸೇವೆಯನ್ನು ತಕ್ಷಣ ಬದಲಿಸಲಾಗದಿದ್ದರೆ ನಡುವೆ ಮಾತು ದಾಟಿಸುವ ಸುರಕ್ಷಿತ ಪ್ರಾಕ್ಸಿ ಸರ್ವರ್ ಇರಿಸಲಿ. ಜೂನ್, ಜುಲೈನಲ್ಲಿ ದೊಡ್ಡ ಬದಲಾವಣೆ ಬೇಡ. ವ್ಯವಸ್ಥೆ ಕೈಕೊಟ್ಟ ದಿನಗಳಷ್ಟು ಅರ್ಜಿಯ ಗಡುವೂ ಮುಂದೆ ಹೋಗಲಿ.

ಹಳೆಯ ಸೇವೆ ಸರಿಪಡಿಸುವ ಖರ್ಚು ಸರ್ಕಾರದ್ದು. ಅದನ್ನು ರೈತರು ಬಸ್ ಚಾರ್ಜು, ಕೂಲಿ ನಷ್ಟದ ರೂಪದಲ್ಲಿ ತೆರುವಂತಾಗಬಾರದು.