ಪಾಠದ ಪ್ರತಿ ನಮ್ಮ ಶಾಲೆಯಲ್ಲೇ ಇರಲಿ

ಮಕ್ಕಳೇ, ತಾಮರಶ್ಶೇರಿ ಘಾಟಿಯ 9 ತಿರುವುಗಳಲ್ಲಿ ಲಾರಿಗಳು ಸಿಕ್ಕಿಹಾಕಿಕೊಂಡ ದಿನವೂ ಕಲ್ಪೆಟ್ಟದ ಅಂಗಡಿಯಲ್ಲಿ ಅಕ್ಕಿ ಸಿಗುತ್ತದೆ, ಅಲ್ವಾ? ಅಂಗಡಿಯವರು ಮೊದಲೇ ತಂದು ಇಟ್ಟಿರುತ್ತಾರೆ. ಇಂಟರ್ನೆಟ್‌ನಲ್ಲೂ ಇದೇ ಉಪಾಯವಿದೆ. ಅದಕ್ಕೆ ಕಂಟೆಂಟ್ ಡೆಲಿವರಿ ನೆಟ್‌ವರ್ಕ್, ಚಿಕ್ಕದಾಗಿ ಸಿಡಿಎನ್ ಎನ್ನುತ್ತಾರೆ.

ಆಪ್ಟಿಕಲ್ ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಸಾಗುತ್ತದೆ. 13,000 ಕಿ.ಮೀ. ದೂರದ ಅಮೆರಿಕದ ಸರ್ವರ್‌ಗೆ ಹೋಗಿ ಬರಲು ಕನಿಷ್ಠ 0.13 ಸೆಕೆಂಡು ಬೇಕು. 500 ಕಿ.ಮೀ. ದೂರದ ಚೆನ್ನೈಗಾದರೆ 0.005 ಸೆಕೆಂಡು ಸಾಕು. ಒಂದು ಪುಟ ತೆರೆಯಲು ಇಂಥ ಓಡಾಟ ಹಲವು ಸಲ ಆಗುತ್ತದೆ, ಹಾಗಾಗಿ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಅದಕ್ಕೇ ಪುಟಗಳ, ಚಿತ್ರಗಳ, ವಿಡಿಯೋಗಳ ಪ್ರತಿಗಳನ್ನು ಊರೂರಿನ ಸರ್ವರ್‌ಗಳಲ್ಲಿ ಇಡುತ್ತಾರೆ. ಅಮೆರಿಕದ ಎಂಐಟಿಯ ಗಣಿತಜ್ಞ ಟಾಮ್ ಲೈಟನ್ ಮತ್ತು ಅವರ ವಿದ್ಯಾರ್ಥಿ ಡ್ಯಾನಿಯಲ್ ಲೆವಿನ್ ಇದಕ್ಕಾಗಿಯೇ 1998ರಲ್ಲಿ ಅಕಮೈ ಕಂಪನಿ ಕಟ್ಟಿದರು.

ಆದರೆ ಒಂದು ಮಾತು ಗಮನಿಸಿ. ಸಿಡಿಎನ್ ಸರ್ವರ್‌ನಲ್ಲಿ ಜಾಗಕ್ಕೆ ಮಿತಿ ಇದೆ. ಹೆಚ್ಚು ಜನ ಕೇಳುವುದು ಅಲ್ಲಿ ಉಳಿಯುತ್ತದೆ, ಅಪರೂಪಕ್ಕೆ ಕೇಳುವುದು ಅಳಿಸಿಹೋಗುತ್ತದೆ. ಸಿನಿಮಾ ಹಾಡಿನ ಪ್ರತಿ ಹತ್ತಿರದಲ್ಲೇ ಇರುತ್ತದೆ. ಕೇರಳದ ಕೆಲವೇ ಮಕ್ಕಳು ನೋಡುವ ಕನ್ನಡ ಪಾಠದ ವಿಡಿಯೋ ಮೂಲ ಸರ್ವರ್‌ನಿಂದಲೇ ಬರಬೇಕಾಗಬಹುದು. ಇದರಲ್ಲಿ ಯಾರ ದ್ವೇಷವೂ ಇಲ್ಲ, ಬರೀ ಲೆಕ್ಕ. ಇನ್ನು ಟವರ್ ಸಿಗ್ನಲ್ಲೇ ಇಲ್ಲದ ಕಡೆ ಸಿಡಿಎನ್ ಕೂಡ ಏನೂ ಮಾಡಲಾರದು.

ಹಾಗಾದರೆ ಸುಮ್ಮನೆ ಕಾಯುತ್ತಾ ಕೂರಬೇಕೇ? ಬೇಡ. ಆ ಉಪಾಯವನ್ನು ನಾವೇ ಮಾಡೋಣ. ಎಸ್‌ಸಿಇಆರ್‌ಟಿಯ ಕನ್ನಡ ಪಠ್ಯಪುಸ್ತಕಗಳು ಪಿಡಿಎಫ್ ರೂಪದಲ್ಲಿ ಸಿಗುತ್ತವೆ. ಒಂದು ತರಗತಿಯ 40 ಮಕ್ಕಳು 40 ಸಲ ಇಳಿಸಿಕೊಂಡರೆ ಶಾಲೆಯ ಒಂದೇ ಇಂಟರ್ನೆಟ್ ಲೈನಿನ ಮೇಲೆ 40 ಪಟ್ಟು ಹೊರೆ. ಒಂದೇ ಸಲ ಇಳಿಸಿ ಲ್ಯಾಬಿನ ಒಂದು ಕಂಪ್ಯೂಟರ್‌ನಲ್ಲಿಟ್ಟರೆ ಉಳಿದ ಕಂಪ್ಯೂಟರ್‌ಗಳು ಅಲ್ಲಿಂದಲೇ ಓದಬಹುದು. ಮಳೆಗಾಲದಲ್ಲಿ ನೆಟ್ ಹೋದರೂ, ಕರೆಂಟ್ ಇದ್ದರೆ ಪಾಠ ನಿಲ್ಲುವುದಿಲ್ಲ.

ಒಂದು ಎಚ್ಚರಿಕೆ ಮಾತ್ರ ಬೇಕು. ಹಾಲಿನ ಪ್ಯಾಕೆಟ್‌ನಂತೆ ಸಿಡಿಎನ್ ಪ್ರತಿಗಳಿಗೂ ಅವಧಿ ಇರುತ್ತದೆ, ಅದು ಮುಗಿದ ಮೇಲೆ ಮೂಲದ ಜೊತೆ ಹೋಲಿಸಿ ನೋಡುತ್ತಾರೆ. ನಮ್ಮ ಪುಸ್ತಕವೂ ಬದಲಾಗಿದೆಯೇ ಎಂದು ಪ್ರತಿ ಟರ್ಮ್ ಶುರುವಿಗೆ ನೋಡಬೇಕು. ಆ ಜವಾಬ್ದಾರಿಯನ್ನು ವಿಜ್ಞಾನ ಕ್ಲಬ್ಬಿನ ನೀವೇ ವಹಿಸಿಕೊಳ್ಳಿ. ನಾಳೆಯೇ ನಿಮ್ಮ ಟೀಚರ್ ಹತ್ತಿರ ಕೇಳಿ: "ನಮ್ಮ ಪಾಠದ ಪ್ರತಿ ಲ್ಯಾಬಿನಲ್ಲಿ ಇದೆಯಾ?"