ಅಂಧರ ಕೈಯಲ್ಲಿ ಕನ್ನಡ ನುಡಿಯುವ ಫೋನು

ಖಡಕಿ ಬಜಾರಿನಲ್ಲಿ ತರಕಾರಿ ಕೊಳ್ಳುವ ಅಂಧರಿಗೆ 200 ಮತ್ತು 500 ರೂಪಾಯಿ ನೋಟುಗಳನ್ನು ಬೆರಳಿನಿಂದ ಗುರುತಿಸುವುದು ಸುಲಭವಲ್ಲ. ಎರಡರ ಅಗಲವೂ 66 ಮಿ.ಮೀ.; ಉದ್ದದ ವ್ಯತ್ಯಾಸ ಕೇವಲ 4 ಮಿ.ಮೀ. ಉಬ್ಬು ಗುರುತುಗಳೋ ಬಳಕೆಯಲ್ಲಿ ಸವೆಯುತ್ತವೆ. ಇದಕ್ಕೆ ಪರಿಹಾರವಾಗಿ ರಿಸರ್ವ್ ಬ್ಯಾಂಕು 2020ರ ಜನವರಿ 1ರಂದು ‘ಮನಿ’ ಎಂಬ ಆ್ಯಪ್ ಹೊರತಂದಿತು. ಕ್ಯಾಮೆರಾದ ಮುಂದೆ ನೋಟು ಹಿಡಿದರೆ ಅದರ ಮೌಲ್ಯವನ್ನು ನುಡಿಯುತ್ತದೆ, ಇಂಟರ್‌ನೆಟ್ ಬೇಕಿಲ್ಲ. ಮೊದಲು ಹಿಂದಿ, ಇಂಗ್ಲಿಷ್ ಮಾತ್ರವಿದ್ದವು. ಬಳಿಕ ಕನ್ನಡವೂ ಸೇರಿತು. ನೋಟು ಅಸಲಿಯೋ ನಕಲಿಯೋ ಎಂಬುದನ್ನು ಮಾತ್ರ ಅದು ಹೇಳದು.

ಆದರೆ ಈಗ ವ್ಯವಹಾರ ನೋಟಿನಿಂದ ಫೋನಿನ ಪರದೆಗೆ ಸರಿದಿದೆ. ಪರದೆಯ ಬರಹವನ್ನು ಓದಿ ಹೇಳುವ ‘ಟಾಕ್‌ಬ್ಯಾಕ್’ ಆಂಡ್ರಾಯ್ಡ್ ಫೋನುಗಳಿಗೆ 2009ರಲ್ಲೇ ಬಂದಿತು. ಅದಕ್ಕೆ ಬುನಾದಿ ಹಾಕಿದ ಗೂಗಲ್ ತಂಡದಲ್ಲಿದ್ದ ಡಾ. ಟಿ.ವಿ. ರಾಮನ್ ಸ್ವತಃ ಅಂಧರು, ಪುಣೆಯಲ್ಲೇ ಬೆಳೆದವರು. ಇಂದು ಅದಕ್ಕೆ ಕನ್ನಡದ ಧ್ವನಿಯೂ ಉಂಟು. ಆದರೂ ಆ್ಯಪ್ ರೂಪಿಸಿದವರು ಗುಂಡಿಗೆ ಹೆಸರು ಕೊಡದಿದ್ದರೆ ಯಾವ ಧ್ವನಿ ತಾನೇ ಏನನ್ನು ಓದೀತು? ಆಗ ಅಂಧ ಗ್ರಾಹಕರು ತಮ್ಮ ಗುಪ್ತಸಂಖ್ಯೆಯನ್ನು ಪರರಿಗೆ ತಿಳಿಸಬೇಕಾಗುತ್ತದೆ. ಅದರ ಅಪಾಯವನ್ನು ಬ್ಯಾಂಕ್ ನೌಕರರಾದ ನಾವು ಬಲ್ಲೆವು.

ಡಿಜಿಟಲ್ ಸೌಲಭ್ಯ ಪಡೆಯುವುದು ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟು 2025ರ ಏಪ್ರಿಲ್ 30ರಂದು ಸಾರಿದೆ. ಹೀಗಾಗಿ ಇದು ದಯೆಯ ಮಾತಲ್ಲ, ಹಕ್ಕಿನ ಮಾತು.

ಮುಪ್ಪಿನಲ್ಲಿ ದೃಷ್ಟಿ ಕಳೆದುಕೊಂಡ ಇಲ್ಲಿನ ಕನ್ನಡಿಗರಿಗೆ ಇಂಗ್ಲಿಷ್ ಧ್ವನಿಯಿಂದ ಪ್ರಯೋಜನ ಅಲ್ಪ. ಅವರ ಫೋನಿಗೆ ಕನ್ನಡ ಧ್ವನಿಯನ್ನು ಅಳವಡಿಸಿ ಕಲಿಸುವುದು ಮನೆಮಕ್ಕಳ ಕೆಲಸ. ಪ್ರತಿ ಗುಂಡಿಗೂ ಹೆಸರಿಡುವುದು ಬ್ಯಾಂಕುಗಳ ಹೊಣೆ.