ಪೊನ್ನನ ಎರಡು ಕಾವ್ಯ, ಮನೆಯ ಹತ್ತು ಸಾವಿರ ಫೋಟೊ

1998ರ ಮಾತು. ಅಮೆರಿಕದ ಕ್ಯಾಲಿಫೋರ್ನಿಯದ ಪಿಕ್ಸಾರ್ ಸ್ಟುಡಿಯೊದಲ್ಲಿ ‘ಟಾಯ್ ಸ್ಟೋರಿ 2’ ಎಂಬ ಕಂಪ್ಯೂಟರ್ ಚಿತ್ರದ ಕೆಲಸ ಭರದಿಂದ ಸಾಗಿತ್ತು. ತಂತ್ರಜ್ಞರು ಕಥಾನಾಯಕ ವುಡಿಯ ಕಡತಗಳನ್ನು ಪರದೆಯ ಮೇಲೆ ನೋಡುತ್ತಿದ್ದರು. ನೋಡುತ್ತಿದ್ದಂತೆಯೇ ವುಡಿಯ ಟೋಪಿ ಮಾಯವಾಯಿತು. ಆಮೇಲೆ ಬೂಟು. ಕೊನೆಗೆ ವುಡಿಯೇ ಇಲ್ಲ! ಯಾರೋ ‘ಅಳಿಸು’ ಎಂಬ ಆದೇಶವನ್ನು ತಪ್ಪು ಜಾಗದಲ್ಲಿ ಕೊಟ್ಟುಬಿಟ್ಟಿದ್ದರು. ಫೋನ್ ಮಾಡಿ ಯಂತ್ರದ ಪ್ಲಗ್ ಕೀಳಿಸುವಷ್ಟರಲ್ಲಿ ಚಿತ್ರದ ಸುಮಾರು ಶೇಕಡಾ 90ರಷ್ಟು ಕಡತಗಳು ಅಳಿಸಿಹೋಗಿದ್ದವು.

ಅಷ್ಟಾದರೂ ಯಾರೂ ಎದೆ ಒಡೆದುಕೊಳ್ಳಲಿಲ್ಲ. ಟೇಪಿನಲ್ಲಿ ಬ್ಯಾಕಪ್, ಅಂದರೆ ಕಾಪಿಟ್ಟ ಪ್ರತಿ, ಇತ್ತಲ್ಲ! ಅದನ್ನು ತೆರೆದು ನೋಡಿದಾಗ ನಿಜವಾದ ಆಘಾತ ಕಾದಿತ್ತು. ವಾರಗಟ್ಟಲೆಯಿಂದ ಆ ವ್ಯವಸ್ಥೆ ಕೆಟ್ಟಿತ್ತು. ಕೆಟ್ಟಿದೆ ಎಂಬುದು ಯಾರಿಗೂ ತಿಳಿದಿರಲಿಲ್ಲ. ಆಗ ನೆನಪಾದದ್ದು ತಾಂತ್ರಿಕ ನಿರ್ದೇಶಕಿ ಗ್ಯಾಲಿನ್ ಸಸ್‌ಮನ್ ಅವರ ಮನೆ. ಹೆರಿಗೆಯ ನಂತರ ಮನೆಯಿಂದಲೇ ಕೆಲಸ ಮಾಡಲೆಂದು ಅವರು ಚಿತ್ರದ ಒಂದು ಪ್ರತಿಯನ್ನು ಮನೆಯ ಕಂಪ್ಯೂಟರಿಗೆ ಹಾಕಿಸಿಕೊಂಡಿದ್ದರು. ಆ ಕಂಪ್ಯೂಟರಿಗೆ ಕಂಬಳಿ ಸುತ್ತಿ, ಕಾರಿನ ಹಿಂದಿನ ಸೀಟಿನಲ್ಲಿಟ್ಟು, ಬಾಣಂತಿಯನ್ನು ಕರೆತರುವಷ್ಟೇ ಜೋಪಾನವಾಗಿ ಸ್ಟುಡಿಯೊಗೆ ತಂದರು. ಚಿತ್ರ ಉಳಿಯಿತು.

ಕಥೆ ಸಿನಿಮಾದ್ದು, ಪಾಠ ಮಾತ್ರ ಮನೆಮನೆಯದ್ದು. ಅಷ್ಟು ದೊಡ್ಡ ಕಂಪನಿಗೆ ಒದಗಿದ್ದು ಮಂಡ್ಯದ ಮೇಷ್ಟರಿಗೆ, ಶಿರಸಿಯ ಅಡಿಕೆ ಬೆಳೆಗಾರರಿಗೆ ಒದಗುವುದಿಲ್ಲವೆ? ಇಂದು ಪ್ರತಿಯೊಬ್ಬರ ಜೇಬಿನಲ್ಲೂ ಒಂದೊಂದು ಕ್ಯಾಮೆರಾ ಇದೆ. ಮಗುವಿನ ಮೊದಲ ಹೆಜ್ಜೆ, ಊರ ತೇರು, ತಂಗಿಯ ಸೀಮಂತ, ಮಾರಿಬಿಟ್ಟ ಹಳೆಯ ಮನೆ ಎಲ್ಲವೂ ಅದರೊಳಗೆ. ಹತ್ತು ಸಾವಿರ ಫೋಟೊ ಇರುವ ಫೋನು ಈಗ ವಿಶೇಷವೇನಲ್ಲ. ಅಷ್ಟಕ್ಕೂ ಸೇರಿ ಇರುವುದು ಬಹುಪಾಲು ಒಂದೇ ಪ್ರತಿ ಎಂಬುದು ಆತಂಕದ ವಿಷಯ.

ಇದರ ಬಿಸಿ ತಟ್ಟುವುದು ಸಾಮಾನ್ಯವಾಗಿ ಸಾವಿನ ಮನೆಯಲ್ಲಿ. ವೈಕುಂಠ ಸಮಾರಾಧನೆಯ ಹೊತ್ತಿಗೆ ಅಜ್ಜಿಯದೊಂದು ದೊಡ್ಡ ಫೋಟೊ ಆಗಬೇಕು, ಚೌಕಟ್ಟು ಹಾಕಿಸಬೇಕು. ಹುಡುಕಾಟ ಶುರುವಾಗುತ್ತದೆ. ಕಳೆದ ವರ್ಷದ ಯುಗಾದಿಯಂದು ಮೊಮ್ಮಗ ತೆಗೆದದ್ದು ಬಹಳ ಚೆನ್ನಾಗಿತ್ತು; ಆ ಫೋನು ಬಸ್ಸಿನಲ್ಲಿ ಕಳುವಾಯಿತು. ಸೊಸೆಯ ಬಳಿ ಒಂದಿದೆ, ಆದರೆ ಅದು ವಾಟ್ಸ್‌ಆ್ಯಪ್‌ನಲ್ಲಿ ಕೈಯಿಂದ ಕೈಗೆ ದಾಟಿ ಬಂದದ್ದು. ಹಾಗೆ ಸಾಗಿಸುವಾಗ ಫೋಟೊವನ್ನು ಸಾಮಾನ್ಯವಾಗಿ ಕುಗ್ಗಿಸಲಾಗುತ್ತದೆ. ಫೋನಿನ ಪರದೆಯಲ್ಲಿ ನಗುವ ಅಜ್ಜಿ ದೊಡ್ಡದು ಮಾಡಿದೊಡನೆ ಚೌಕಾಕಾರದ ಚುಕ್ಕೆಗಳ ರಾಶಿಯಾಗುತ್ತಾಳೆ. ಕೊನೆಗೆ ಗೋಡೆಗೆ ಏರುವುದು ಪಡಿತರ ಚೀಟಿಗೆಂದು ತೆಗೆಸಿದ, ಬೆದರಿದ ಕಣ್ಣಿನ ಚಿತ್ರ.

ಹಿಂದಿನವರು ಇದರ ಬಗ್ಗೆ ಅಷ್ಟು ತಲೆ ಕೆಡಿಸಿಕೊಂಡಿರಲಿಲ್ಲ. ಅವರು ಬುದ್ಧಿವಂತರಾಗಿದ್ದರು ಎಂದಲ್ಲ, ವ್ಯವಸ್ಥೆಯೇ ಹಾಗಿತ್ತು. ಮದುವೆಯ ಫೋಟೊದ ಒಂದು ಪ್ರತಿ ಗಂಡಿನ ಮನೆಗೆ, ಒಂದು ಹೆಣ್ಣಿನ ಮನೆಗೆ, ಮತ್ತೊಂದು ಮುಂಬಯಿಯಲ್ಲಿದ್ದ ಸೋದರಮಾವನಿಗೆ. ನೆಗೆಟಿವ್ ಪೇಟೆಬೀದಿಯ ಸ್ಟುಡಿಯೊದವನ ಡಬ್ಬಿಯಲ್ಲಿ. ಫೋಟೊದ ಬೆನ್ನಿಗೆ ಸ್ಟುಡಿಯೊದ ಮುದ್ರೆ, ಕೆಳಗೆ ನೆಗೆಟಿವ್ ನಂಬರು. ಬೇಕೆಂದಾಗ ಆ ನಂಬರು ಹೇಳಿ ಇನ್ನೊಂದು ಪ್ರಿಂಟ್ ಹಾಕಿಸಬಹುದಿತ್ತು. ಯಾರೂ ಹೇಳದೆಯೇ ಒಂದು ಚಿತ್ರ ನಾಲ್ಕು ಕಡೆ ಬದುಕಿರುತ್ತಿತ್ತು. ಒಂದು ಮನೆ ಸೋರಿದರೆ, ಇನ್ನೊಂದು ಮನೆಗೆ ಗೆದ್ದಲು ಹಿಡಿದರೆ, ಮೂರನೆಯದರಲ್ಲಿ ಅದು ಸಿಗುತ್ತಿತ್ತು.

ಕಾಗದದ ಚಿತ್ರಕ್ಕೆ ಮತ್ತೊಂದು ಗುಣವಿತ್ತು. ಅದು ನಿಧಾನವಾಗಿ ಸಾಯುತ್ತದೆ. ಹಳದಿಯಾಗುತ್ತದೆ, ಅಂಚು ಮುರಿಯುತ್ತದೆ, ಆದರೂ ಮುಖ ಕಾಣುತ್ತದೆ. 2011ರ ಮಾರ್ಚ್ 11ರ ಸುನಾಮಿಯ ಬಳಿಕ ಜಪಾನಿನಲ್ಲಿ ಕೆಸರಿನಡಿ ಸಿಕ್ಕ ಆಲ್ಬಮ್‌ಗಳನ್ನು ಸ್ವಯಂಸೇವಕರು ಒಂದೊಂದಾಗಿ ನೀರಿನಲ್ಲಿ ತೊಳೆದು, ಒಣಗಿಸಿ, ವಾರಸುದಾರರಿಗೆ ಹಿಂದಿರುಗಿಸಿದರು. ಡಿಜಿಟಲ್ ಚಿತ್ರಕ್ಕೆ ಈ ಮುಪ್ಪು ಎಂಬುದಿಲ್ಲ. ನಿನ್ನೆಯವರೆಗೆ ಹೊಸದರಂತೆ ಹೊಳೆಯುತ್ತಿದ್ದದ್ದು ಇಂದು ತೆರೆಯುವುದೇ ಇಲ್ಲ.

ತೆರೆಯದಿರಲು ಕಾರಣಗಳು ಹಲವು. ಹಾರ್ಡ್ ಡಿಸ್ಕಿನೊಳಗೆ ತಿರುಗುವ ತಟ್ಟೆಗಳಿವೆ. ಅವುಗಳ ಮೇಲೆ ಕೂದಲೆಳೆಗಿಂತ ಎಷ್ಟೋ ಕಿರಿದಾದ ಅಂತರದಲ್ಲಿ ಓದುವ ಮುಳ್ಳು ತೇಲುತ್ತಿರುತ್ತದೆ. ಮೇಜಿನಿಂದ ಒಮ್ಮೆ ಬಿದ್ದರೆ ಸಾಕು. ಪೆನ್ ಡ್ರೈವ್, ಮೆಮೊರಿ ಕಾರ್ಡುಗಳಲ್ಲಿ ತಿರುಗುವಂಥದ್ದು ಏನೂ ಇಲ್ಲ. ಅಲ್ಲಿ ಚಿತ್ರ ಉಳಿದಿರುವುದು ಅತಿ ಸಣ್ಣ ಕೋಶಗಳಲ್ಲಿ ಕೂಡಿಹಾಕಿದ ವಿದ್ಯುತ್ ಕಣಗಳ ರೂಪದಲ್ಲಿ. ವರ್ಷಗಟ್ಟಲೆ ವಿದ್ಯುತ್ ಸಂಪರ್ಕವಿಲ್ಲದೆ ಡ್ರಾಯರಿನಲ್ಲಿ ಬಿದ್ದಿದ್ದರೆ ಅವು ಮೆಲ್ಲಗೆ ಸೋರಿಹೋಗಬಹುದು. ಮನೆಯಲ್ಲಿ ಬರೆದ ಸೀಡಿಯ ಬಣ್ಣದ ಪದರಕ್ಕೆ ಬಿಸಿಲು ಆಗದು. ಇವೆಲ್ಲ ಗಟ್ಟಿಯಾಗಿದ್ದರೂ ಓದುವ ಯಂತ್ರವೇ ಇಲ್ಲವಾದರೆ? ಒಂದು ಕಾಲಕ್ಕೆ ಎಲ್ಲ ಕಚೇರಿಗಳಲ್ಲೂ ಇದ್ದ ಫ್ಲಾಪಿ ಡಿಸ್ಕುಗಳ ಮಾರಾಟವನ್ನು ಸೋನಿ ಕಂಪನಿ 2011ರಲ್ಲಿ ನಿಲ್ಲಿಸಿತು. ಈಗ ಫ್ಲಾಪಿಯನ್ನು ತುರುಕಲು ಕಂಪ್ಯೂಟರಿನಲ್ಲಿ ಬಾಯಿಯೇ ಇಲ್ಲ. ಸೀಡಿಯ ಗತಿಯೂ ಬಹುಮಟ್ಟಿಗೆ ಅದೇ.

‘ಎಲ್ಲವೂ ಕ್ಲೌಡ್‌ನಲ್ಲಿದೆ, ಚಿಂತೆಯೇಕೆ?’ ಎನ್ನುವವರುಂಟು. ಹೆಸರು ಮೋಡವಾದರೂ ಅದು ಆಕಾಶದಲ್ಲಿಲ್ಲ. ಬೇರೆ ಯಾರದೋ ಕಟ್ಟಡದಲ್ಲಿರುವ ಬೇರೆ ಯಾರದೋ ಕಂಪ್ಯೂಟರು ಅದು. ಅಂಥದೊಂದು ಕಟ್ಟಡ 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಬೆಂಕಿಗೆ ಆಹುತಿಯಾಯಿತು. ಬೇರೆಡೆ ಪ್ರತಿ ಇಟ್ಟಿರದ ಗ್ರಾಹಕರ ಕಡತಗಳೂ ಜತೆಗೇ ಹೋದವು. ಮೈಸ್ಪೇಸ್ ಎಂಬ ತಾಣ ಒಂದು ಕಾಲದಲ್ಲಿ ಲೋಕಪ್ರಸಿದ್ಧ. ಜನ ವರ್ಷಗಟ್ಟಲೆ ಅಲ್ಲಿ ಹಾಕಿದ್ದ ಹಾಡು, ಫೋಟೊ, ವಿಡಿಯೊಗಳು ಯಂತ್ರ ಬದಲಿಸುವಾಗ ಕಳೆದುಹೋದವೆಂದು 2019ರಲ್ಲಿ ಅದು ಒಪ್ಪಿಕೊಂಡಿತು. ಗೂಗಲ್ ಫೋಟೋಸ್ 2015ರಲ್ಲಿ ಆರಂಭವಾದಾಗ ಎಷ್ಟು ಚಿತ್ರವಾದರೂ ಉಚಿತ ಎಂದಿತ್ತು. 2021ರ ಜೂನ್ 1ರಿಂದ ಆ ಧಾರಾಳ ನಿಂತು, ಹೊಸ ಚಿತ್ರಗಳೆಲ್ಲ 15 ಜಿಬಿಯ ಉಚಿತ ಮಿತಿಯ ಲೆಕ್ಕಕ್ಕೆ ಸೇರಿದವು. ಎರಡು ವರ್ಷ ಯಾರೂ ಮುಟ್ಟದ ವೈಯಕ್ತಿಕ ಖಾತೆಗಳನ್ನು ಅಳಿಸುವ ನಿಯಮವನ್ನೂ ಅದು 2023ರ ಡಿಸೆಂಬರಿನಿಂದ ಜಾರಿಗೆ ತಂದಿತು.

ಇನ್ನೊಂದು ಸೂಕ್ಷ್ಮವಿದೆ. ಫೋನಿಗೂ ಕ್ಲೌಡಿಗೂ ಗಂಟು ಹಾಕಿರುವ ಕಡೆ, ಫೋನಿನಲ್ಲಿ ಅಳಿಸಿದ್ದು ಅಲ್ಲಿಯೂ ಅಳಿಯುತ್ತದೆ. ಕೆಲವು ವಾರ ಕಸದ ಬುಟ್ಟಿಯಲ್ಲಿದ್ದು ಆಮೇಲೆ ಶಾಶ್ವತವಾಗಿ ಹೋಗುತ್ತದೆ. ಅದು ಕನ್ನಡಿ, ಎದುರು ನಿಂತವರು ಸರಿದರೆ ಕನ್ನಡಿಯಲ್ಲಿ ಬಿಂಬ ಉಳಿಯುವುದಿಲ್ಲ. ಕನ್ನಡಿಯನ್ನು ಕಾಪಿಟ್ಟ ಪ್ರತಿ ಎಂದು ಭಾವಿಸುವುದೇ ಅನೇಕರು ಮಾಡುವ ತಪ್ಪು.

ಹಾಗಾದರೆ ದಾರಿ ಏನು? ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋ ಅವರು ಡಿಜಿಟಲ್ ಚಿತ್ರಗಳ ನಿರ್ವಹಣೆ ಕುರಿತ ತಮ್ಮ ಪುಸ್ತಕದಲ್ಲಿ ಹೇಳಿದ 3-2-1 ಸೂತ್ರ ಈಗ ಕಂಪ್ಯೂಟರ್ ಲೋಕದಲ್ಲೆಲ್ಲ ಗಾದೆಯಂತಾಗಿದೆ. ಪ್ರತಿ ಮೂರು ಇರಲಿ. ಅವು ಎರಡು ಬಗೆಯ ಸಾಧನಗಳಲ್ಲಿರಲಿ. ಒಂದಾದರೂ ಬೇರೆ ಜಾಗದಲ್ಲಿರಲಿ. ಹಳೆಯ ಮದುವೆ ಫೋಟೊದ ವ್ಯವಸ್ಥೆಯೇ ಇದು. ಆಗ ತಾನಾಗಿ ಆಗುತ್ತಿದ್ದುದನ್ನು ಈಗ ನೆನಪಿಟ್ಟು ಮಾಡಬೇಕು, ಅಷ್ಟೆ.

ಖರ್ಚು ಹೆದರುವಂಥದ್ದೇನಲ್ಲ. ಒಂದು ಫೋಟೊ ಸುಮಾರು 4 ಎಂಬಿ ಎಂದಿಟ್ಟುಕೊಂಡರೆ ಹತ್ತು ಸಾವಿರಕ್ಕೆ 40 ಜಿಬಿ. 1 ಟಿಬಿಯ ಒಂದು ಹಾರ್ಡ್ ಡಿಸ್ಕಿನಲ್ಲಿ ಅಂಥ ಎರಡೂವರೆ ಲಕ್ಷ ಫೋಟೊ ಹಿಡಿಸುತ್ತವೆ. ಅಂಥವು ಎರಡಿದ್ದರೆ ಸಾಕು. ಒಂದು ಮನೆಯ ಬೀರುವಿನಲ್ಲಿ, ಇನ್ನೊಂದು ಬೇರೆ ಊರಿನ ಅಕ್ಕನ ಮನೆಯಲ್ಲಿ. ಹಬ್ಬಕ್ಕೆ ಹೋಗಿಬರುವಾಗ ಅದಲುಬದಲು ಮಾಡಿಕೊಂಡರೆ ಇಬ್ಬರ ಫೋಟೊಗಳೂ ಉಳಿಯುತ್ತವೆ. ಜತೆಗೆ ಕ್ಲೌಡ್‌ನಲ್ಲಿ ಒಂದು ಪ್ರತಿ ಇರಲಿ, ಮೂರನೆಯದಾಗಿ. ಕೆಲಸ ಮುಗಿದೊಡನೆ ಡಿಸ್ಕನ್ನು ಕಂಪ್ಯೂಟರಿನಿಂದ ಬಿಡಿಸಿ ಇಡಬೇಕು. ಕಡತಗಳಿಗೆ ಬೀಗ ಜಡಿದು ಹಣ ಕೇಳುವ ವೈರಸ್ ಬಂದರೆ ಜೋಡಿಸಿಟ್ಟದ್ದನ್ನೂ ಅದು ಬಿಡುವುದಿಲ್ಲ. ಐದಾರು ವರ್ಷಕ್ಕೊಮ್ಮೆ ಎಲ್ಲವನ್ನೂ ಹೊಸ ಡಿಸ್ಕಿಗೆ ದಾಟಿಸುವುದು ಲೇಸು. ಒಳ್ಳೆಯ ಫೋಟೊವನ್ನು ನೆಂಟರಿಗೆ ಕಳುಹಿಸುವಾಗ ‘ಡಾಕ್ಯುಮೆಂಟ್’ ಎಂದು ಆರಿಸಿ ಕಳುಹಿಸಿದರೆ ಅದು ಕುಗ್ಗದೆ ಇದ್ದಂತೆಯೇ ತಲುಪುತ್ತದೆ.

ಇಟ್ಟರಷ್ಟೇ ಸಾಲದು, ತೆರೆದೂ ನೋಡಬೇಕು. ಪಿಕ್ಸಾರ್‌ನವರು ಸೋತದ್ದು ಇಲ್ಲಿಯೇ. ಆಯುಧಪೂಜೆಯ ದಿನ ಸ್ಕೂಟರಿನ ಜತೆಗೆ ಕಂಪ್ಯೂಟರಿಗೂ ಕುಂಕುಮದ ಭಾಗ್ಯ ಸಿಗುವುದುಂಟು. ಬೀರುವಿನಲ್ಲಿ ಮಲಗಿದ ಡಿಸ್ಕನ್ನೂ ಅಂದು ಎಬ್ಬಿಸಿ, ಜೋಡಿಸಿ, ಅಲ್ಲಿಂದೊಂದು ಇಲ್ಲಿಂದೊಂದು ಹತ್ತಿಪ್ಪತ್ತು ಫೋಟೊ ತೆರೆದು ನೋಡುವ ಪದ್ಧತಿ ಇಟ್ಟುಕೊಂಡರೆ ವರ್ಷಕ್ಕೊಮ್ಮೆ ಪರೀಕ್ಷೆ ಆದಂತಾಯಿತು. ಡಿಸ್ಕಿಗೆ ಕುಂಕುಮ ಮಾತ್ರ ಬೇಡ.

ಉಳಿದದ್ದು ಗುರುತಿನ ಪ್ರಶ್ನೆ. ಕ್ಯಾಮೆರಾ ಪ್ರತಿ ಚಿತ್ರದೊಳಗೆ ದಿನಾಂಕ, ವೇಳೆ, ಕೆಲವೊಮ್ಮೆ ಜಾಗವನ್ನೂ ಬರೆದಿಡುತ್ತದೆ. ಆದರೆ ಮಧ್ಯದಲ್ಲಿ ಕುಳಿತ ಮುದುಕರು ತಾತನ ತಮ್ಮ ಎಂಬುದು ಅದಕ್ಕೆ ತಿಳಿಯದು. ಅದನ್ನು ಬಲ್ಲವರು ಮನೆಯಲ್ಲಿ ಒಬ್ಬಿಬ್ಬರು, ಅವರಿಗೂ ವಯಸ್ಸಾಗಿದೆ. ಪ್ರತಿ ವರ್ಷಕ್ಕೊಂದು ಫೋಲ್ಡರು, ಅದರೊಳಗೆ ‘2024-05 ಸುಮಾಳ ಮದುವೆ’ ಎಂಬಂಥ ಹೆಸರು, ಜತೆಗೆ ಯಾರು ಯಾರು ಎಂಬ ಒಂದು ಪುಟದ ಪಟ್ಟಿ ಇದ್ದರೆ ಮೂವತ್ತು ವರ್ಷದ ನಂತರ ತೆರೆದವರಿಗೆ ದಾರಿ ತಪ್ಪುವುದಿಲ್ಲ. ಒಂದೇ ಗೋಪುರದ ನಲವತ್ತು ಚಿತ್ರಗಳಲ್ಲಿ ಎರಡನ್ನು ಉಳಿಸಿ ಮಿಕ್ಕವನ್ನು ಅಳಿಸಿದರೆ ಹುಡುಕುವವರಿಗೆ ಉಪಕಾರ. ವರ್ಷಕ್ಕೆ ಹತ್ತನ್ನಾದರೂ ಆರಿಸಿ ಕಾಗದದ ಮೇಲೆ ಮುದ್ರಿಸಿಡಬೇಕು. ಫೋನಿನ ಪಾಸ್‌ವರ್ಡು ಮನೆಯ ಇನ್ನೊಬ್ಬರಿಗೆ ತಿಳಿದಿರಬೇಕು. ತಮ್ಮ ನಂತರ ಖಾತೆಯನ್ನು ಯಾರು ತೆರೆಯಬಹುದು ಎಂದು ಮೊದಲೇ ಸೂಚಿಸುವ ಅನುಕೂಲ ಗೂಗಲ್‌ನಲ್ಲೂ ಆಪಲ್‌ನಲ್ಲೂ ಇದೆ, ಬಳಸಿಕೊಳ್ಳಬೇಕು.

‘ಪ್ರತಿ ಮಾಡು’ ಎನ್ನುವುದು ಕಂಪ್ಯೂಟರ್ ಕಾಲದ ಹೊಸ ಉಪದೇಶವೇನಲ್ಲ. ಓಲೆಗರಿಗೂ ಆಯುಸ್ಸು ಕಡಿಮೆ. ಹುಳ, ತೇವ, ಬೆಂಕಿ ಅದರ ಶತ್ರುಗಳು. ಗರಿಗೆ ಎಣ್ಣೆ ಸವರಿ ಕಾಪಾಡುತ್ತಿದ್ದರು, ನಿಜ. ಆದರೆ ಗ್ರಂಥವನ್ನು ತಲೆಮಾರುಗಳಾಚೆಗೆ ದಾಟಿಸಿದ್ದು ಒಂದು ಗರಿಯಿಂದ ಇನ್ನೊಂದು ಗರಿಗೆ ನಕಲು ಮಾಡಿದವರ ಕೈ. ಹತ್ತನೆಯ ಶತಮಾನದ ಕವಿ ಪೊನ್ನ ‘ಶಾಂತಿಪುರಾಣ’ವನ್ನು ಬರೆದ, ‘ಭುವನೈಕರಾಮಾಭ್ಯುದಯ’ ಎಂಬ ಮತ್ತೊಂದು ಕಾವ್ಯವನ್ನೂ ಬರೆದ. ಶಾಂತಿಪುರಾಣವನ್ನು ಬರೆಸಿದವರಲ್ಲಿ ಒಬ್ಬ ಮಲ್ಲಪ. ಅವನ ಮಗಳು ದಾನಚಿಂತಾಮಣಿ ಅತ್ತಿಮಬ್ಬೆ ಮುಂದೆ ಆ ಕಾವ್ಯದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದಳೆಂಬುದು ಪ್ರಸಿದ್ಧ ಸಂಗತಿ. ಶಾಂತಿಪುರಾಣ ಇಂದಿಗೂ ಓದಲು ಸಿಗುತ್ತದೆ. ಭುವನೈಕರಾಮಾಭ್ಯುದಯ ಸಿಕ್ಕಿಲ್ಲ. ಅದರ ಹೆಸರು ಮಾತ್ರ ಸಾಹಿತ್ಯ ಚರಿತ್ರೆಯ ಪುಟಗಳಲ್ಲಿದೆ.

ಸಾವಿರ ವರ್ಷದಲ್ಲಿ ಏನೇನು ನಡೆಯಿತೋ. ಒಂದು ಉಳಿದು ಒಂದು ಅಳಿಯಲು ಇದೊಂದೇ ಕಾರಣ ಎನ್ನಲಾಗದು. ಆದರೆ ಸಾವಿರ ಮನೆ ಸೇರಿದ ಕಾವ್ಯವನ್ನು ಅಳಿಸುವುದು ಕಾಲಕ್ಕೂ ಕಷ್ಟ ಎಂಬುದರಲ್ಲಿ ಸಂದೇಹವಿಲ್ಲ. ಮನೆಯ ಫೋಟೊಗೆ ಸಾವಿರ ಬೇಕಿಲ್ಲ, ಮೂರು ಸಾಕು; ಅದಕ್ಕೆ ಬೇಕಾದದ್ದು ಒಂದು ಭಾನುವಾರದ ಮಧ್ಯಾಹ್ನ. ಫೋಟೊ ತೆಗೆಯುವವರು ಈಗ ಮನೆಯಲ್ಲಿ ಎಲ್ಲರೂ. ಪ್ರತಿ ಮಾಡಿಡುವ ಮಗಳೋ ಮಗನೋ ಒಬ್ಬರಾದರೂ ಇರಬೇಕು.